ಮೊದಲು ಕುಕ್ಕರ್ ಕೂಗು, ಆಮೇಲೆ ಹೆಸರು

ಥೆರಪಿ ಸೆಂಟರುಗಳ ಕಾಯುವ ಜಾಗ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ ಥರ. ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಹಣ್ಣುಗಳ ಚಾರ್ಟು, ಬಾಗಿಲ ಹತ್ತಿರ ಚಪ್ಪಲಿ ಸ್ಟ್ಯಾಂಡು. ಅಂಥದ್ದೊಂದು ಕಡೆ ಆರು ವರ್ಷದ ಹುಡುಗನೊಬ್ಬ ಸ್ಟ್ಯಾಂಡಿನ ಚಪ್ಪಲಿಗಳನ್ನೆಲ್ಲ ಇಳಿಸಿ, ಜೋಡಿ ಮಾಡಿ, ಹಿಮ್ಮಡಿ ಗೋಡೆಗೆ ತಾಗುವ ಹಾಗೆ ನೆಲದ ಮೇಲೆ ಸಾಲಾಗಿ ಇಡುತ್ತಿದ್ದ. ಅವನ ಅಜ್ಜಿ ಪಕ್ಕದ ಕುರ್ಚಿಯಾಕೆಗೆ ಮೊಮ್ಮಗನ ಕಥೆ ಹೇಳುತ್ತಿದ್ದರು: ಹೆರಿಗೆ ಕಷ್ಟವಾಗಿದ್ದು, ಎರಡು ವರ್ಷಕ್ಕೆ ಬಂದಿದ್ದ ನಾಲ್ಕು ಮಾತೂ ನಿಂತುಹೋಗಿದ್ದು, ಯಾರ್ಯಾರಿಗೆ ತೋರಿಸಿದ್ದು, ಎಲ್ಲೆಲ್ಲಿ ಹರಕೆ ಹೊತ್ತಿದ್ದು. ಮಧ್ಯೆ ಮಧ್ಯೆ ಪಲ್ಲವಿಯ ಹಾಗೆ ಒಂದು ಮಾತು: "ಇವನಿಗೆ ಏನೂ ಗೊತ್ತಾಗಲ್ಲ ಕಣಮ್ಮಾ." ಹುಡುಗ ತಲೆ ಎತ್ತಲಿಲ್ಲ. ಮುಂದಿನ ವಾರ ಅಜ್ಜಿ ಬಂದಿರಲಿಲ್ಲ. ಹುಡುಗ ಎಂದಿನ ಹಾಗೆ ಚಪ್ಪಲಿ ಜೋಡಿಸಿದ. ಕೊನೆಯ ಜೋಡಿ ಇಟ್ಟು, ಕೈಯನ್ನು ಚಡ್ಡಿಗೆ ಒರೆಸಿಕೊಂಡು, ಅಜ್ಜಿಯದೇ ರಾಗದಲ್ಲಿ, 'ಕಣಮ್ಮಾ'ದ ಆ ಎಳೆತವೂ ಸೇರಿದಂತೆ ಹೇಳಿದ: "ಇವನಿಗೆ ಏನೂ ಗೊತ್ತಾಗಲ್ಲ ಕಣಮ್ಮಾ." ಕೂತಿದ್ದವರಲ್ಲಿ ಇಬ್ಬರು ನಕ್ಕರು. ತಾಯಿ ನಗಲಿಲ್ಲ.

ಕೇಳಿದ ಮಾತನ್ನು ಇಡಿಯಾಗಿ ಎತ್ತಿಟ್ಟುಕೊಂಡು ಇನ್ಯಾವಾಗಲೋ ಹಾಗೇ ಹೊರಗೆ ಹಾಕುವುದು ಆಟಿಸಂ ಇರುವ ಅನೇಕ ಮಕ್ಕಳ ಮಾತಿನ ದಾರಿ. ನೀರು ಬೇಕಾದಾಗ "ನಿನಗೆ ನೀರು ಬೇಕಾ?" ಎಂದು ಕೇಳುವ ಮಗು ತಾಯಿಯನ್ನು ಅಣಕಿಸುತ್ತಿಲ್ಲ. ನೀರು ಬಂದಾಗಲೆಲ್ಲ ಅದರ ಜೊತೆ ಬಂದ ಮಾತು ಅದೇ ಆದ್ದರಿಂದ ಅದನ್ನೇ ಬಳಸುತ್ತಿದೆ. ಆ ಹುಡುಗನಿಗೆ ಅಜ್ಜಿಯ ಮಾತಿನ ಅರ್ಥ ಎಷ್ಟು ಆಗಿತ್ತು ಎಂದು ಹೇಳಲಾಗದು. ಕೇಳಿಸಿಕೊಂಡಿದ್ದ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಒಂದು ಮನೆಯಲ್ಲಿ ಮಗುವಿಗೆ ಆಟಿಸಂ ಇದೆ ಎಂದು ಗೊತ್ತಾದ ಮೇಲೆ ಆ ಸುದ್ದಿ ಹೋಗುವ ದಾರಿ ಗಮನಿಸಿ. ಮೊದಲು ಅಪ್ಪ ಅಮ್ಮ, ಆಮೇಲೆ ಅಜ್ಜಿ ತಾತ, ಆಮೇಲೆ ಫೋನಿನಲ್ಲಿ ದಾವಣಗೆರೆಯ ಅತ್ತೆ, ಸ್ಕೂಲಿನ ಮಿಸ್ಸು, ವ್ಯಾನ್ ಡ್ರೈವರ್. ಎಷ್ಟೋ ಮನೆಗಳಲ್ಲಿ ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೂ ಗೊತ್ತಿರುತ್ತದೆ. ಯಾರ ಬಗ್ಗೆ ಈ ಸುದ್ದಿಯೋ ಅವನಿಗೆ ಮಾತ್ರ ಯಾರೂ ಕೂರಿಸಿ ಹೇಳಿರುವುದಿಲ್ಲ. ಅವನ ಎದುರಿಗೇ ಎಲ್ಲರಿಗೂ ಹೇಳಿರುತ್ತಾರೆ.

ರಿಪೋರ್ಟ್ ಕೈಗೆ ಬಂದ ದಿನ

ಮಗುವಿಗೆ ಹೇಳುವ ಮೊದಲು ಅಪ್ಪ ಅಮ್ಮನಿಗೆ ಅರ್ಥವಾಗಿರಬೇಕು. ಅದು ಸುಮಾರು ಕಡೆ ಆಗಿರುವುದಿಲ್ಲ. ತಪ್ಪು ಶುರುವಾಗುವುದು ಹೇಳುವ ಕ್ರಮದಲ್ಲೇ. ಡಾಕ್ಟರೋ ಸೈಕಾಲಜಿಸ್ಟೋ ರಿಪೋರ್ಟಿನ ಕೊನೆಯ ಪುಟ ತೆಗೆದು "ನಿಮ್ಮ ಮಗನಿಗೆ ಆಟಿಸಂ ಸ್ಪೆಕ್ಟ್ರಮ್ ಡಿಸಾರ್ಡರ್ ಇದೆ" ಎಂದು ಮೊದಲು ಹೇಳಿ, ಆಮೇಲೆ ಇಪ್ಪತ್ತು ನಿಮಿಷ ವಿವರಿಸುತ್ತಾರೆ. ಆ ಇಪ್ಪತ್ತು ನಿಮಿಷ ತಾಯಿಯ ಕಿವಿಗೆ ಏನೂ ಬಿದ್ದಿರುವುದಿಲ್ಲ. ಹೊರಗೆ ಬಂದು ಆಟೋ ಹತ್ತಿದ ಮೇಲೆ ಗಂಡ ಹೆಂಡತಿ ಇಬ್ಬರೂ ಫೋನ್ ತೆಗೆದು ಆ ಒಂದು ಪದವನ್ನೇ ಹುಡುಕುತ್ತಾರೆ.

ಉಲ್ಟಾ ಮಾಡಬೇಕು. ಮೊದಲ ಹತ್ತು ನಿಮಿಷ ಮನೆಯವರೇ ಮಾತಾಡಲಿ. "ನೀವು ಮನೆಯಲ್ಲಿ ಏನು ನೋಡಿದ್ರಿ?" ಎಂದು ಕೇಳಿದರೆ ಎಲ್ಲವೂ ಅವರ ಬಾಯಿಂದಲೇ ಬರುತ್ತದೆ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಕಿವಿ ಕೇಳಿಸುವುದಿಲ್ಲವೇನೋ ಎಂದು ಬೆರಾ ಟೆಸ್ಟ್ ಮಾಡಿಸಿದೆವು, ನಾರ್ಮಲ್ ಬಂತು. ಆದರೆ ಕುಕ್ಕರ್ ಕೂಗಿದರೆ ಎರಡೂ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಹೋಗುತ್ತಾನೆ. ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, ನಮ್ಮ ಕೈ ಹಿಡಿದೆಳೆದು ಫ್ರಿಜ್ ಮೇಲಿಡುತ್ತಾನೆ. ಸ್ಕೂಲಿಗೆ ದಿನಾ ಹೋಗುವ ರಸ್ತೆ ಬಿಟ್ಟು ಬೇರೆ ಕಡೆ ಗಾಡಿ ತಿರುಗಿಸಿದರೆ ರಂಪ. ಇದನ್ನೆಲ್ಲ ಒಂದು ಹಾಳೆಯಲ್ಲಿ ಎರಡು ಗುಂಪಾಗಿ ಬರೆದು ತೋರಿಸಬೇಕು. ಒಂದರಲ್ಲಿ ಬೇರೆಯವರ ಜೊತೆ ಹೇಳುವುದು, ಕೇಳುವುದು, ಹಂಚಿಕೊಳ್ಳುವುದಕ್ಕೆ ಸೇರಿದ್ದು. ಇನ್ನೊಂದರಲ್ಲಿ ಒಂದೇ ಥರ ಇರಬೇಕೆಂಬ ಹಟ, ಮತ್ತೆ ಮತ್ತೆ ಮಾಡುವ ಚಲನೆ, ಶಬ್ದ, ಬೆಳಕು, ಸ್ಪರ್ಶ, ರುಚಿಯ ಏರುಪೇರು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರ ಐದನೇ ಆವೃತ್ತಿಯಲ್ಲಿ ಹೇಳುವ ಎರಡು ಭಾಗಗಳೂ ಇವೇ. ಕುಕ್ಕರ್ ಕೂಗಿಗೆ ಕಿವಿ ಮುಚ್ಚುವಂಥದ್ದು ಅದರಲ್ಲಿ ಪ್ರತ್ಯೇಕ ಲಕ್ಷಣವಾಗಿ ಸೇರಿದ್ದೂ ಆ ಆವೃತ್ತಿಯಲ್ಲೇ. ಹಾಳೆ ಪೂರ್ತಿಯಾದ ಮೇಲೆ, "ಇವೆಲ್ಲ ಚಿಕ್ಕಂದಿನಿಂದ ಒಟ್ಟಿಗೆ ಕಾಣಿಸಿಕೊಂಡರೆ ಅದಕ್ಕೊಂದು ಹೆಸರಿದೆ" ಎಂದರೆ, ಆ ಹೆಸರು ಆಕಾಶದಿಂದ ಬಿದ್ದ ಹಾಗೆ ಆಗುವುದಿಲ್ಲ. ತಮಗೆ ಗೊತ್ತಿದ್ದದ್ದಕ್ಕೇ ಇಟ್ಟ ಹೆಸರಾಗುತ್ತದೆ.

ಆ ದಿನ ಇಬ್ಬರೂ ಬರಬೇಕು. ಒಬ್ಬರೇ ಬಂದರೆ, ಅದು ಸಾಮಾನ್ಯವಾಗಿ ತಾಯಿ, ಮನೆಗೆ ಹೋಗಿ ಡಾಕ್ಟರ ಪರವಾಗಿ ವಾದ ಮಾಡುವ ಕೆಲಸವೂ ಆಕೆಯ ತಲೆಗೇ ಬರುತ್ತದೆ. ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದಾ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಇಂಗ್ಲಿಷ್ ರಿಪೋರ್ಟ್ ಹನ್ನೆರಡು ಪುಟ ಇರಲಿ, ಅದರ ಮೇಲೆ ಕನ್ನಡದ ಒಂದು ಪುಟ ಇರಬೇಕು: ಏನು ನೋಡಿದೆವು, ಏನು ಹೆಸರು, ಮುಂದೆ ಯಾವ ಮೂರು ಕೆಲಸ. ಮೂರೇ. ಹದಿನಾಲ್ಕು ಸಲಹೆ ಕೊಟ್ಟರೆ ಒಂದೂ ನಡೆಯುವುದಿಲ್ಲ. ಎರಡು ಮೂರು ವಾರ ಬಿಟ್ಟು ಇನ್ನೊಂದು ಭೇಟಿ ಅದೇ ದಿನ ಗೊತ್ತುಮಾಡಿಕೊಂಡು ಹೋಗಬೇಕು. ನಿಜವಾದ ಪ್ರಶ್ನೆಗಳು ಬರುವುದು ಆಗ.

"ಯಾವಾಗ ಸರಿ ಹೋಗ್ತಾನೆ?" ಎಂಬ ಪ್ರಶ್ನೆಯಂತೂ ಬಂದೇ ಬರುತ್ತದೆ. "ಹೋಗಲ್ಲ" ಎನ್ನುವುದೂ ತಪ್ಪು, "ನೋಡೋಣ" ಎನ್ನುವುದು ಇನ್ನೂ ತಪ್ಪು. ಆಟಿಸಂಗೇ ಎಂದು ಮಾತ್ರೆ ಇಲ್ಲ. ಜೊತೆಗೆ ಬರಬಹುದಾದ ಫಿಟ್ಸ್, ನಿದ್ದೆಯ ತೊಂದರೆ, ವಿಪರೀತ ಕಿರಿಕಿರಿಗೆ ಇದೆ. ಆಟಿಸಂ ಬದುಕಿನುದ್ದಕ್ಕೂ ಇರುತ್ತದೆ, ಆದರೆ ಮಗು ಈಗಿರುವ ಹಾಗೇ ಇರುವುದಿಲ್ಲ. ಇಷ್ಟು ಹೇಳಿ, ಆರು ತಿಂಗಳಿನ ಗುರಿಯೊಂದನ್ನು ಕೈಗೆ ಕೊಡಬೇಕು: ಉದಾಹರಣೆಗೆ, ಬೇಕಾದ್ದನ್ನು ಅಳದೆ, ಚಿತ್ರ ಕೊಟ್ಟೋ ಬೆರಳು ಮಾಡಿಯೋ ಕೇಳುವುದು. ಉತ್ತರ ಸಿಗದೆ ಹೊರಬಂದವರು ಉತ್ತರ ಮಾರುವವರ ಹತ್ತಿರ ಹೋಗುತ್ತಾರೆ. ಸ್ಟೆಮ್ ಸೆಲ್ ಇಂಜೆಕ್ಷನ್ನಿಗೆ ಲಕ್ಷಗಟ್ಟಲೆ ಸುರಿದವರು ಇದ್ದಾರೆ. ಆಟಿಸಂಗೆ ಅದನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಮಾರ್ಕ್ಸ್ ಎಷ್ಟು ಬಂತು?

ನಮ್ಮಲ್ಲಿ ಕಾಗದದ ಮೇಲೆ ಅಂಕಿ ಕಂಡರೆ ಅದು ಮಾರ್ಕ್ಸ್. ಹಾಗಾಗಿ ಒಂದು ವಿಚಿತ್ರ ಗೊಂದಲ ಆಗುತ್ತದೆ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬಳಸುವ ಭಾರತದ್ದೇ ಅಳತೆಪಟ್ಟಿ ಐಎಸ್‌ಎಎಯಲ್ಲಿ 40 ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಅಂದರೆ ಏನೂ ತೊಂದರೆ ಇಲ್ಲದ ಮಗುವಿಗೂ 40 ಬರುತ್ತದೆ, ಗರಿಷ್ಠ 200. ಎಪ್ಪತ್ತಕ್ಕಿಂತ ಕೆಳಗಿದ್ದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಹೆಚ್ಚು ಬಂದರೆ ಹೆಚ್ಚು ಕಷ್ಟ. "ಹೋದ ವರ್ಷ 118 ಇತ್ತು, ಈ ವರ್ಷ 104ಕ್ಕೆ ಇಳಿದಿದೆ" ಎಂದು ಸಪ್ಪೆ ಮುಖ ಮಾಡುವ ತಾತನಿಗೆ ಇಳಿದದ್ದು ಒಳ್ಳೆಯದು ಎಂದು ಯಾರಾದರೂ ಹೇಳಬೇಕು.

ಎರಡನೆಯದು ಶೇಕಡಾವಾರು. ಪ್ರಮಾಣಪತ್ರದಲ್ಲಿ 50 ಎಂದಿದ್ದರೆ ಅರ್ಧ ಮೆದುಳು ಕೆಲಸ ಮಾಡುತ್ತಿಲ್ಲ ಎಂದು ತಿಳಿದುಕೊಂಡವರೂ ಇದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಒಂದು. ಆ ಕಾಯ್ದೆಯ ಮುಖ್ಯ ಸೌಲಭ್ಯಗಳಿಗೆ ಕನಿಷ್ಠ ಶೇ. 40 ಬೇಕು. ಅಂಕಿ ಇರುವುದು ಸೌಲಭ್ಯ ಕೊಡುವ ಕೌಂಟರಿಗೆ. ಅದು ಮಗುವಿನ ಬುದ್ಧಿಯ ಅಳತೆಯಲ್ಲ. ಮೂರನೆಯದು ರಿಪೋರ್ಟಿನಲ್ಲಿ ಬರೆಯುವ 1ರಿಂದ 3ರ ಲೆವೆಲ್. ಕ್ಯಾನ್ಸರಿನ ಸ್ಟೇಜ್ ಕೇಳಿ ಕೇಳಿ ಅಭ್ಯಾಸವಾದ ಕಿವಿಗೆ ಲೆವೆಲ್ 3 ಎಂದರೆ ಕೊನೆಯ ಹಂತ ಅನ್ನಿಸುತ್ತದೆ, ಲೆವೆಲ್ 1 ಎಂದರೆ ಬೇಗ ಹಿಡಿದೆವು, ವಾಸಿಯಾಗುತ್ತದೆ ಅನ್ನಿಸುತ್ತದೆ. ಈ ಲೆವೆಲ್ ಹೇಳುವುದು ದಿನದ ಬದುಕಿಗೆ ಎಷ್ಟು ಆಸರೆ ಬೇಕು ಎಂಬುದನ್ನು. ಒಂದೇ ಮಗುವಿಗೆ ಮಾತಿನಲ್ಲಿ ಕಡಿಮೆ ಆಸರೆ, ಬದಲಾವಣೆ ಎದುರಿಸುವುದರಲ್ಲಿ ಹೆಚ್ಚು ಆಸರೆ ಬೇಕಾಗಬಹುದು. 'ಮೈಲ್ಡ್' ಎಂಬ ಮಾತಂತೂ ಬಾಯಿಂದ ಬರಬಾರದು ಎಂಬುದು ನನ್ನ ಅಭಿಪ್ರಾಯ. ಅದನ್ನು ಕೇಳಿದ ಮನೆ ಆರು ತಿಂಗಳು ಏನೂ ಮಾಡದೆ ಕೂರುತ್ತದೆ.

ಸ್ವಲೀನತೆ

ಸರ್ಕಾರಿ ಕಾಗದದಲ್ಲಿ ಕಾಣುವ ಕನ್ನಡ ಪದ 'ಸ್ವಲೀನತೆ'. ತನ್ನಲ್ಲೇ ಲೀನನಾದವನು. 'ಆಟಿಸಂ' ಕೂಡ ಅದೇ ಅರ್ಥದ್ದು. ಗ್ರೀಕಿನ 'ತಾನು' ಎಂಬ ಪದದಿಂದ ಹುಟ್ಟಿ, ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ ಬೇರೆಯದೇ ಕಾಯಿಲೆಯ ಸಂದರ್ಭದಲ್ಲಿ ಬಳಸಿದ್ದನ್ನು, 1943ರಲ್ಲಿ ಅಮೆರಿಕದಲ್ಲಿ ಲಿಯೊ ಕ್ಯಾನರ್ 11 ಮಕ್ಕಳನ್ನು ವಿವರಿಸುವಾಗ ಎತ್ತಿಕೊಂಡರು. ಆದರೆ ಗ್ರೀಕ್ ಗೊತ್ತಿಲ್ಲದ ನಮಗೆ 'ಆಟಿಸಂ' ಬರೀ ಒಂದು ಶಬ್ದ. 'ಸ್ವಲೀನತೆ' ಹಾಗಲ್ಲ, ಕನ್ನಡ ಗೊತ್ತಿರುವ ಯಾರಿಗೂ ಅದು ಚಿತ್ರ ಕಟ್ಟಿಕೊಡುತ್ತದೆ: ಲೋಕದ ಗೊಡವೆ ಬಿಟ್ಟು ಒಳಗೆ ಮುಳುಗಿ ಕೂತ ಮಗು. ಚಪ್ಪಲಿ ಜೋಡಿಸುತ್ತಿದ್ದ ಹುಡುಗ ಹಾಗೇ ಕಾಣುತ್ತಿದ್ದ. ಅಜ್ಜಿಯ ರಾಗ ಕೂಡ ಬಿಡದೆ ಕೇಳಿಸಿಕೊಂಡಿದ್ದ. ಮನೆಯ ಬಳಕೆಗೆ 'ಆಟಿಸಂ' ಸಾಕು. ಅರ್ಜಿ ತುಂಬುವಾಗ ಇನ್ನೊಂದು ಗೊತ್ತಿದ್ದರಾಯಿತು. 'ದೇವರ ಮಗು', 'ಸ್ಪೆಷಲ್ ಚೈಲ್ಡ್', 'ಆ ಥರದ ಮಕ್ಕಳು' ಇವೆಲ್ಲ ಹೇಳುವವರ ಸಂಕೋಚಕ್ಕೆ ಹುಟ್ಟಿದ ಮಾತುಗಳು. ಮಗು ಅದನ್ನು ಹಿಡಿದುಕೊಂಡು ಏನೂ ಕೇಳಲಾಗದು, ಏನೂ ತಿಳಿಯಲಾಗದು.

ಅಜ್ಜಿಯ ಪಾಲಿಗೆ ಒಂದು ಕೆಲಸ

ಮನೆಯಲ್ಲಿ ಮಗುವಿನ ಜೊತೆ ಹೆಚ್ಚು ಹೊತ್ತು ಇರುವುದು ಅಜ್ಜಿ. ಅವರನ್ನು ಒಪ್ಪಿಸುವುದನ್ನು ಕೊನೆಗಿಟ್ಟುಕೊಂಡರೆ ಥೆರಪಿ ಸೆಂಟರಿನಲ್ಲಿ ಕಟ್ಟಿದ್ದು ಮನೆಯಲ್ಲಿ ಕಳಚುತ್ತದೆ. ಅವರ ವಾದ ಗೊತ್ತಿರುವುದೇ: "ಇವರಪ್ಪನೂ ನಾಲ್ಕು ವರ್ಷಕ್ಕೆ ಮಾತಾಡಿದ್ದು", "ಗಂಡು ಮಕ್ಕಳಿಗೆ ಮಾತು ತಡ", "ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ ಬರುತ್ತೆ", "ನಾಲಿಗೆ ಕೆಳಗಿನ ದಾರ ಕತ್ತರಿಸಿದರೆ ಸರಿಹೋಗುತ್ತೆ". ವಾದಕ್ಕೆ ಇಳಿಯಬಾರದು. ಒಂದು ಸೂಕ್ಷ್ಮ ಮಾತ್ರ ತೋರಿಸಬೇಕು. ಮಾತು ಮಾತ್ರ ತಡವಾದ ಮಗು ಬೇರೆ ಎಲ್ಲ ದಾರಿಯಲ್ಲೂ ಹೇಳುತ್ತದೆ: ಬೆರಳು ಮಾಡುತ್ತದೆ, ತಲೆಯಾಡಿಸುತ್ತದೆ, ವಿಮಾನ ಕಂಡರೆ ನಿಮ್ಮ ಮುಖ ನೋಡಿ 'ನೋಡಿದೆಯಾ' ಎಂಬಂತೆ ಮತ್ತೆ ಆಕಾಶ ನೋಡುತ್ತದೆ. ನಾಲಿಗೆಯ ದಾರಕ್ಕೂ ವಿಮಾನ ತೋರಿಸುವ ಬೆರಳಿಗೂ ಸಂಬಂಧವಿಲ್ಲ. ಒಂದು ಸಂಜೆ ಅಜ್ಜಿಯೇ ಎಣಿಸಲಿ, ಎಷ್ಟು ಸಲ ತನಗೆ ಏನನ್ನಾದರೂ ತೋರಿಸಲು ಬಂದ ಎಂದು. ಅವರೇ ಎಣಿಸಿದ್ದನ್ನು ಅವರು ಅಲ್ಲಗಳೆಯುವುದಿಲ್ಲ.

ಆಮೇಲೆ ಕೆಲಸ ಕೊಡಬೇಕು. ಲೋಟದಲ್ಲಿ ಎರಡು ಗುಟುಕು ನೀರು ಮಾತ್ರ ಹಾಕಿ ಕೊಟ್ಟು, ಚೊಂಬನ್ನು ಕಾಣುವಂತೆ ಹಿಡಿದು, ಮನಸ್ಸಿನಲ್ಲೇ ಹತ್ತು ಎಣಿಸುತ್ತ ಸುಮ್ಮನಿರುವುದು. ಮಗು ಲೋಟ ಚಾಚಿದರೂ ಸರಿ, ಕಣ್ಣು ನೋಡಿದರೂ ಸರಿ, 'ನೀ' ಎಂದರೂ ಸರಿ, ತಕ್ಷಣ "ನೀರು" ಎಂದು ಹೇಳಿ ಹಾಕುವುದು. ಕಷ್ಟ ಇರುವುದು ಆ ಹತ್ತು ಎಣಿಸುವುದರಲ್ಲಿ. ಮೂರಕ್ಕೇ "ಏನ್ ಕಂದಾ, ನೀರ್ ಬೇಕಾ, ಹೇಳು ನೀರು, ನೀರು ಅನ್ನು" ಎಂದು ಶುರುವಾಗುತ್ತದೆ. ಮಗುವಿನ ಸರದಿ ಅಲ್ಲಿಗೆ ಮುಗಿಯಿತು. ಇನ್ನೊಂದು, ಎರಡು ಚಿತ್ರದ ರಟ್ಟು: ಎಡಗಡೆ 'ಮೊದಲು' ಸ್ನಾನ, ಬಲಗಡೆ 'ಆಮೇಲೆ' ದೋಸೆ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ರಟ್ಟು ಕಣ್ಣೆದುರೇ ಇರುತ್ತದೆ. ಒಂದೇ ನಿಯಮ: ದೋಸೆ ಎಂದು ತೋರಿಸಿದ ಮೇಲೆ ದೋಸೆಯೇ ಬರಬೇಕು. ಹಿಟ್ಟು ಇಲ್ಲದ ದಿನ ಆ ಚಿತ್ರ ಹಾಕಬಾರದು.

ಯಾರ ತಪ್ಪು ಎಂಬುದನ್ನು ಅಜ್ಜಿಯ ಎದುರಿಗೆ, ಅಪ್ಪನ ಎದುರಿಗೆ, ಡಾಕ್ಟರ ಬಾಯಿಂದಲೇ ಹೇಳಿಸಬೇಕು. 'ಯಾರ ತಪ್ಪೂ ಅಲ್ಲ' ಎಂಬ ಸಾರಾಸಗಟು ಮಾತು ಸಾಲದು. ಬಿಡಿಬಿಡಿಯಾಗಿ ಹೇಳಬೇಕು: ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಬಂದದ್ದಲ್ಲ, ತೊಟ್ಟಿಲಿನಿಂದ ಬಿದ್ದದ್ದಲ್ಲ, ತಾಯಿ ಕೆಲಸಕ್ಕೆ ಹೋದದ್ದಲ್ಲ, ಲಸಿಕೆಯಲ್ಲ (ಲಸಿಕೆಗೆ ನಂಟು ಹಾಕಿದ 1998ರ ಲೇಖನವನ್ನು ಅದನ್ನು ಅಚ್ಚು ಹಾಕಿದ ಪತ್ರಿಕೆಯೇ 2010ರಲ್ಲಿ ವಾಪಸ್ ಪಡೆಯಿತು). ಮೊಬೈಲ್ ಕೊಟ್ಟದ್ದೂ ಅಲ್ಲ. ಮೊಬೈಲ್ ಕಡಿಮೆ ಮಾಡಿ ಎನ್ನುವುದು ಬೇರೆ ಕಾರಣಕ್ಕೆ: ಅದು ಎದುರು ಮಾತಿಗೆ ಕಾಯುವುದಿಲ್ಲ, ಚೊಂಬು ಹಿಡಿದ ಅಜ್ಜಿ ಕಾಯುತ್ತಾರೆ. ಆಟಿಸಂನ ಕಾರಣಗಳಲ್ಲಿ ದೊಡ್ಡ ಪಾಲು ವಂಶವಾಹಿಗಳದ್ದು. ಇದನ್ನು ಹೇಳಿದ ತಕ್ಷಣ "ಯಾರ ಕಡೆಯಿಂದ?" ಎಂಬ ಪ್ರಶ್ನೆ ಏಳುತ್ತದೆ. ನೂರಾರು ವಂಶವಾಹಿಗಳ ಸೇರ್ಪಡೆ, ಕೆಲವು ಮಗುವಿನಲ್ಲೇ ಹೊಸದಾಗಿ ಆದ ಬದಲಾವಣೆ, ಒಂದು ಕಡೆಗೆ ಬೆರಳು ಮಾಡಲು ಬರುವುದಿಲ್ಲ ಎಂದು ಅದೇ ಉಸಿರಿನಲ್ಲಿ ಹೇಳಿಬಿಡುವುದು ಕ್ಷೇಮ. ಎರಡನೇ ಮಗುವಿನ ಯೋಚನೆ ಇರುವವರಿಗೆ ಮಾತ್ರ ಅಂಕಿಯನ್ನು ಮುಚ್ಚಿಡಬಾರದು: ಅಣ್ಣನಿಗೋ ಅಕ್ಕನಿಗೋ ಇದ್ದರೆ ಮುಂದಿನ ಮಗುವಿಗೆ ಬರುವ ಸಾಧ್ಯತೆ ಸುಮಾರು ಐದರಲ್ಲಿ ಒಂದು.

ಭಾಷೆಯದೊಂದು ಮಾತು ಇಲ್ಲೇ ಹೇಳಬೇಕು. ಯೂಟ್ಯೂಬ್ ನೋಡಿ 'ಸರ್ಕಲ್', 'ಯೆಲ್ಲೋ', 'ಟ್ವೆಂಟಿ ಫೋರ್' ಎನ್ನುವ ಮಗು 'ಅಮ್ಮ' ಎನ್ನುವುದಿಲ್ಲ. ಅದನ್ನು ನೋಡಿ "ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ, ಎರಡು ಭಾಷೆ ಇದ್ದರೆ ಕನ್‌ಫ್ಯೂಸ್ ಆಗ್ತಾನೆ" ಎಂದು ಸಲಹೆ ಕೊಡುವವರಿದ್ದಾರೆ. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂಬುದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಅಜ್ಜಿಗೆ ಬಾರದ ಭಾಷೆಗೆ ಮನೆಯನ್ನು ಬದಲಾಯಿಸಿದರೆ ದಿನಕ್ಕೆ ಆರು ತಾಸು ಜೊತೆಗಿರುವವರ ಬಾಯಿ ಕಟ್ಟಿದ ಹಾಗೆ. ಅಮ್ಮನದೂ ತೊದಲು ಇಂಗ್ಲಿಷ್ ಆಗುತ್ತದೆ, ಮುದ್ದು ಮಾಡುವ ಮಾತೇ ಅದರಲ್ಲಿ ಇರುವುದಿಲ್ಲ.

ಎರಡು ಕಾಲಂನ ಹಾಳೆ

ಈಗ ಮಗುವಿಗೆ. ಯಾವ ವಯಸ್ಸಿಗೆ ಎಂಬುದಕ್ಕೆ ಲೆಕ್ಕವಿಲ್ಲ. "ನಾನ್ಯಾಕೆ ಮಾತ್ರ ಥೆರಪಿಗೆ ಹೋಗ್ಬೇಕು?", "ನನ್ನನ್ನ ಯಾಕೆ ಆಟಕ್ಕೆ ಸೇರಿಸ್ಕೊಳ್ಳಲ್ಲ?", "ನಾನು ಪೆದ್ದನಾ?" ಇವು ಬಂದಾಗ ಹೊತ್ತಾಗಿದೆ ಎಂದರ್ಥ. ಬಹಳ ಮಕ್ಕಳಲ್ಲಿ ಏಳರಿಂದ ಹತ್ತರ ಒಳಗೆ ಬರುತ್ತವೆ. ನಾವು ಹೇಳದಿದ್ದರೆ ಮಗು ತಾನೇ ಕಾರಣ ಕಟ್ಟಿಕೊಳ್ಳುತ್ತದೆ, ಅದು ಆಟಿಸಂಗಿಂತ ಕೆಟ್ಟದಾಗಿರುತ್ತದೆ. ದಿನ ಆರಿಸುವುದು ಮುಖ್ಯ: ರಂಪ ಆದ ದಿನ ಬೇಡ, ಪರೀಕ್ಷೆಯ ವಾರ ಬೇಡ, ಹಬ್ಬಕ್ಕೆ ಮನೆ ತುಂಬಿದಾಗ ಬೇಡ. ರಜೆಯ ಬೆಳಗ್ಗೆ ತಿಂಡಿ ಆದ ಮೇಲೆ, ಇಪ್ಪತ್ತು ನಿಮಿಷ. ಎದುರು ಬದುರು ಕೂರದೆ ಪಕ್ಕಪಕ್ಕ ಕೂತು, ನಡುವೆ ಹಾಳೆ ಇಟ್ಟುಕೊಂಡು. ಕಣ್ಣು ನೋಡುವ ಒತ್ತಡ ಇರುವುದಿಲ್ಲ, ಮಾತು ಕಾಗದದ ಮೇಲೆ ಉಳಿಯುತ್ತದೆ.

ಒಂದು ಮನೆಯಲ್ಲಿ ನಡೆದದ್ದು ಹೀಗೆ. ಹುಡುಗನಿಗೆ ಒಂಬತ್ತು. ಬೆಂಗಳೂರಿನ ಬಸ್ ನಂಬರುಗಳೆಲ್ಲ ಬಾಯಿಪಾಠ. ಊಟದ ಮೇಜಿನ ಮೇಲೆ ನಾಲ್ಕು ಹಾಳೆ, ನಾಲ್ಕು ಪೆನ್ಸಿಲ್. ಅಮ್ಮ ಪ್ರತಿ ಹಾಳೆಯ ಮಧ್ಯೆ ಸ್ಕೇಲಿಟ್ಟು ಗೆರೆ ಎಳೆದು ಎಡಕ್ಕೆ 'ನನಗೆ ಸುಲಭ', ಬಲಕ್ಕೆ 'ನನಗೆ ಕಷ್ಟ' ಎಂದು ಬರೆದರು. ಎಲ್ಲರೂ ತುಂಬಬೇಕು. ಇದೇ ಇಡೀ ವಿಧಾನದ ಜೀವ. ಅವನೊಬ್ಬನಿಗೆ ಹಾಳೆ ಕೊಟ್ಟರೆ ಅದು ಇನ್ನೊಂದು ಅಸೆಸ್‌ಮೆಂಟ್. ಅಪ್ಪ ಸುಲಭದಲ್ಲಿ 'ಗಾಡಿ ರಿಪೇರಿ', ಕಷ್ಟದಲ್ಲಿ 'ಹೊಸಬರ ಜೊತೆ ಮಾತು' ಎಂದು ಬರೆದರು. ಅಜ್ಜಿ ಸುಲಭದಲ್ಲಿ 'ಬಾಯಿ ಲೆಕ್ಕ', ಕಷ್ಟದಲ್ಲಿ 'ಎಸ್ಕಲೇಟರ್'. ಹುಡುಗನ ಎಡಗಡೆ ತುಂಬಿತು: 'ಬಸ್ ನಂಬರ್, ಮ್ಯಾಪ್, ಸ್ಪೆಲ್ಲಿಂಗ್, ನಿಜ ಹೇಳೋದು'. ಬಲಗಡೆ ಅವನು ಮೊದಲು ಬರೆದದ್ದು 'ಕುಕ್ಕರ್'. ಆಮೇಲೆ 'ಅಸೆಂಬ್ಲಿ ಮೈಕ್', 'ಗ್ರೂಪ್ ವರ್ಕ್', 'ಮಿಸ್ ರಜಾ ಹಾಕಿದ್ರೆ'. ಅಮ್ಮ ಆಗ ಹೇಳಿದ್ದು ಮೂರೇ ವಾಕ್ಯ. "ನಿನಗೆ ಸುಲಭ ಆಗೋ ಇದೂ, ಕಷ್ಟ ಆಗೋ ಇದೂ, ಎರಡೂ ಸೇರಿ ಕೆಲವರಿಗೆ ಹುಟ್ಟಿನಿಂದ ಇರುತ್ತೆ. ಅದಕ್ಕೆ ಆಟಿಸಂ ಅಂತ ಹೆಸರು. ನಿನಗೆ ಆಟಿಸಂ ಇದೆ." ಹುಡುಗ ಪೆನ್ಸಿಲ್ ತಿರುಗಿಸುತ್ತ ಕೇಳಿದ: "ಅಂಟುತ್ತಾ?" ಇಲ್ಲ. "ಸಾಯ್ತಾರಾ?" ಅದರಿಂದ ಸಾಯಲ್ಲ, ಅದು ಕಾಯಿಲೆ ಅಲ್ಲ. "ದೊಡ್ಡವನಾದ್ಮೇಲೆ ಹೋಗುತ್ತಾ?" ಹೋಗಲ್ಲ, ಆದರೆ ಕಷ್ಟದ ಕಡೆ ಇರೋದು ಕೆಲವು ಸುಲಭದ ಕಡೆ ಬರುತ್ತೆ. "ಸರಿ. 500ಡಿ ಬಗ್ಗೆ ಮಾತಾಡೋಣ್ವಾ?" ಮಾತಾಡಿದರು. ಅಷ್ಟಕ್ಕೆ ಬಿಟ್ಟದ್ದು ಸರಿಯಾಯಿತು. ಮುಂದಿನ ಪ್ರಶ್ನೆ ಬಂದದ್ದು ಎರಡು ವಾರದ ಮೇಲೆ, ಸ್ಕೂಟರಿನ ಹಿಂದೆ ಕೂತಾಗ.

ಎಡವುವ ಜಾಗಗಳು ಕೆಲವಿವೆ. ಒಂದು, ನಮ್ಮ ನುಡಿಗಟ್ಟು. "ನಿನ್ನ ತಲೆ ಬೇರೆ ಥರ ಓಡುತ್ತೆ" ಎಂದರೆ ಮಾತನ್ನು ಇದ್ದ ಹಾಗೇ ತೆಗೆದುಕೊಳ್ಳುವ ಮಗುವಿಗೆ ತಲೆ ಓಡುವ ಚಿತ್ರವೇ ಬರುತ್ತದೆ; "ಮೆದುಳಲ್ಲಿ ವೈರಿಂಗ್ ಬೇರೆ" ಎಂದರೆ ಶಾಕ್ ಹೊಡೆಯುತ್ತದೆಯೇ ಎಂದು ಹೆದರುತ್ತದೆ. ಉಪಮೆ ಬಿಟ್ಟು ಕುಕ್ಕರ್, ಮೈಕ್, ಬಸ್ ಎಂದು ಅದರದೇ ಪಟ್ಟಿ ಹಿಡಿದು ಹೇಳಬೇಕು. ಎರಡು, 'ಸೂಪರ್ ಪವರ್'. ಕೇಳಲು ಚೆಂದ. ಸೋಮವಾರ ಅಸೆಂಬ್ಲಿಯಲ್ಲಿ ಕಿವಿ ಮುಚ್ಚಿ ನಿಂತ ಮಗುವಿಗೆ ಅದು ಸುಳ್ಳು ಎಂದು ಗೊತ್ತಾಗುತ್ತದೆ, ಹೇಳಿದವರ ಮೇಲಿನ ನಂಬಿಕೆಯೂ ಹೋಗುತ್ತದೆ. ಮೂರು, ಹೇಳಿ ಸುಮ್ಮನಾಗುವುದು. ಕುಕ್ಕರ್ ಕಷ್ಟ ಎಂದು ಬರೆದ ಮೇಲೆ ಮನೆಯಲ್ಲಿ ಏನಾದರೂ ಬದಲಾಗಬೇಕು: ಕೂಗುವ ಮೊದಲು ಹೇಳುವುದು, ಅಡುಗೆಮನೆ ಬಾಗಿಲು ಹಾಕುವುದು, ಕಿವಿಗೆ ಹೆಡ್‌ಫೋನ್ ಮೊಳೆಗೆ ನೇತುಹಾಕಿಡುವುದು. ಇಲ್ಲದಿದ್ದರೆ ಹೆಸರು ಯಾಕೆ ಬೇಕಿತ್ತು ಎಂದು ಮಗು ಕೇಳಿದರೆ ಉತ್ತರವಿರುವುದಿಲ್ಲ. ನಾಲ್ಕು, ಯಾರಿಗೆ ಹೇಳಬಹುದು ಎಂಬುದನ್ನು ಹೇಳದೆ ಬಿಡುವುದು. "ಯಾರಿಗೂ ಹೇಳ್ಬೇಡ" ಎಂದರೆ ಅದು ನಾಚಿಕೆಯ ವಿಷಯವಾಯಿತು. ಏನೂ ಹೇಳದಿದ್ದರೆ ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳುತ್ತಾನೆ. ಹಾಳೆಯ ಹಿಂಬದಿಯಲ್ಲಿ ಐದು ಹೆಸರು ಬರೆದು, ಬೇರೆಯವರಿಗೆ ಹೇಳಬೇಕೆನಿಸಿದರೆ ಮೊದಲು ಅಮ್ಮನನ್ನು ಕೇಳು ಎಂದರೆ ಸಾಕು. ತರಗತಿಯ ಮಕ್ಕಳಿಗೆ ಹೇಳುವುದೂ ಅವನ ಒಪ್ಪಿಗೆ ಮೇಲೆ. ಮಿಸ್ಸಿಗೆ ಅರ್ಧ ಪುಟ: ಏನಾದರೆ ಕಷ್ಟ, ಆಗ ಏನು ಮಾಡಬೇಕು, ಏನು ಮಾಡಬಾರದು. ಹನ್ನೆರಡು ಪುಟದ ರಿಪೋರ್ಟನ್ನು ಸ್ಕೂಲಿಗೆ ಕೊಟ್ಟರೆ ಅದು ಬೀರು ಸೇರುತ್ತದೆ.

ಮಾತು ಬಾರದ ಮಗುವಿಗೂ ಹೇಳಬೇಕು. ಹಾಳೆ ಬದಲು ಫೋಟೋ: ಕಿವಿ ಮುಚ್ಚಿಕೊಂಡ ಅವನದೇ ಫೋಟೋ, ಹೆಡ್‌ಫೋನ್ ಹಾಕಿಕೊಂಡು ಆರಾಮಾಗಿರುವ ಇನ್ನೊಂದು, ಪ್ರತಿಯೊಂದಕ್ಕೂ ಒಂದೇ ವಾಕ್ಯ, ದಿನಾ ಅದೇ ವಾಕ್ಯ. ಅರ್ಥವಾಯಿತೋ ಇಲ್ಲವೋ ಎಂಬುದಕ್ಕೆ ಪುರಾವೆ ಕಾಯಬೇಕಿಲ್ಲ. ಕನಿಷ್ಠ ಪಕ್ಷ, ಅವನ ಎದುರು ಅವನ ಬಗ್ಗೆ ಮಾತಾಡಬೇಕಾದಾಗ "ನಿನ್ನ ನಿದ್ದೆ ಬಗ್ಗೆ ಡಾಕ್ಟರಿಗೆ ಹೇಳ್ತೀನಿ" ಎಂದು ಅವನಿಗೆ ಮೊದಲು ಹೇಳುವುದು ಯಾವ ಥೆರಪಿಸ್ಟಿನ ಸಹಾಯವೂ ಇಲ್ಲದೆ ಇವತ್ತೇ ಶುರುಮಾಡಬಹುದಾದ ಕೆಲಸ.

ಅಕ್ಕ

ಅಕ್ಕನೋ ತಂಗಿಯೋ ಇದ್ದರೆ ಅವಳಿಗೆ ಸಿಗುವ ವಿವರಣೆ ಸಾಮಾನ್ಯವಾಗಿ ಒಂದೇ ಸಾಲು: "ನೀನು ದೊಡ್ಡವಳು, ನೀನೇ ಅರ್ಥ ಮಾಡ್ಕೋಬೇಕು." ಅವಳಿಗೆ ಬೇಕಾದದ್ದು ಬೇರೆ. ನಾನು ಅವತ್ತು ತಳ್ಳಿದ್ದರಿಂದ ಹೀಗಾಯಿತಾ ಎಂಬ ಭಯಕ್ಕೆ 'ಇಲ್ಲ' ಎಂಬ ನೇರ ಉತ್ತರ. ಸ್ಕೂಲಿನಲ್ಲಿ ಯಾರಾದರೂ ಕೇಳಿದರೆ ಹೇಳಲು ಒಂದು ಸಿದ್ಧ ವಾಕ್ಯ: "ಅವನಿಗೆ ಆಟಿಸಂ ಇದೆ, ಜೋರು ಶಬ್ದ ಆಗಲ್ಲ." ನೋಟ್‌ಬುಕ್ ಇಡಲು ಬೀಗ ಇರುವ ಒಂದು ಕಪಾಟು. ಸಿಟ್ಟು ಬಂದರೆ ಸಿಟ್ಟು ಮಾಡಿಕೊಳ್ಳುವ ಹಕ್ಕು. ದಿನಕ್ಕೆ ಇಪ್ಪತ್ತು ನಿಮಿಷ ಅಮ್ಮನೋ ಅಪ್ಪನೋ ಅವಳೊಬ್ಬಳಿಗೆ. ದೊಡ್ಡವಳಾದಂತೆ "ಮುಂದೆ ನಾನೇ ನೋಡ್ಕೋಬೇಕಾ?" ಎಂಬುದು ಬರುತ್ತದೆ. ಅದಕ್ಕೆ ಭಾವನೆಯ ಉತ್ತರ ಬೇಡ, ಕಾಗದದ ಉತ್ತರ ಕೊಡಿ: ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆ 1999ರಿಂದ ಇದೆ, ಅದರಡಿ ನಿರಾಮಯ ಎಂಬ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷದವರೆಗೆ ಬರುತ್ತದೆ, ಹದಿನೆಂಟು ತುಂಬಿದ ಮೇಲೆ ಅಗತ್ಯವಿದ್ದರೆ ಕಾನೂನು ಪ್ರಕಾರ ಪಾಲಕರನ್ನು ನೇಮಿಸಲು ಜಿಲ್ಲೆಯಲ್ಲಿ ಸಮಿತಿ ಇದೆ, ನಾವು ಇಂತಿಂಥದ್ದು ಮಾಡಿಟ್ಟಿದ್ದೇವೆ. ಅಕ್ಕನ ಮದುವೆಗೆ ತೊಂದರೆಯಾಗುತ್ತದೆಂದು ತಮ್ಮನ ವಿಷಯ ಮುಚ್ಚಿಡುವ ಮನೆಗಳು ಇನ್ನೂ ಇವೆ. ಮುಚ್ಚಿಡುವ ಕೆಲಸ ಕೊನೆಗೆ ಬೀಳುವುದು ಅಕ್ಕನ ಮೇಲೆಯೇ, ಮದುವೆಯಾದ ಮನೆಯಲ್ಲೂ.

ತಾತ

ಒಂಬತ್ತರ ಹುಡುಗ ಸ್ಕೂಟರಿನಲ್ಲಿ ಕೇಳಿದ ಪ್ರಶ್ನೆ: "ನಮ್ಮನೇಲಿ ಇನ್ಯಾರಿಗಿದೆ?" ಇದು ಸುಮಾರು ಮನೆಗಳಲ್ಲಿ ಬರುತ್ತದೆ. ಮಗುವಿನ ಹಾಳೆ ನೋಡುತ್ತ ನೋಡುತ್ತ ಅಪ್ಪನೊಬ್ಬ ತನ್ನದನ್ನೂ ಮತ್ತೆ ನೋಡಿಕೊಳ್ಳುತ್ತಾನೆ. ದೊಡ್ಡವರಿಗೆ ಬೇಕೆನಿಸಿದರೆ ಪರೀಕ್ಷೆ ಮಾಡಿಸಿಕೊಳ್ಳಬಹುದು, ಮನೋವೈದ್ಯರು ಮಾಡುತ್ತಾರೆ. ಬೇಡ ಎನಿಸಿದರೂ ತಪ್ಪಿಲ್ಲ. ತೀರಿಕೊಂಡವರಿಗೆ ಹೆಸರು ಅಂಟಿಸುವ ಉತ್ಸಾಹ ಮಾತ್ರ ಬೇಡ, ಪಟ್ಟಿಯ ಅರ್ಧ ಕಂಡ ಮಾತ್ರಕ್ಕೆ ಅದು ಆಟಿಸಂ ಆಗುವುದಿಲ್ಲ. ಅಮ್ಮ "ಗೊತ್ತಿಲ್ಲ ಕಣೋ" ಎಂದರು. ಅದು ನಿಜವಾದ ಉತ್ತರ. ಮನೆಗೆ ಬಂದ ಹುಡುಗ ಅದನ್ನೇ ಅಜ್ಜಿಯನ್ನು ಕೇಳಿದ. ಅಜ್ಜಿ ಹುರುಳಿಕಾಯಿ ನಾರು ತೆಗೆಯುತ್ತಿದ್ದರು.

"ನಿಮ್ಮ ತಾತಂಗೆ ಇತ್ತೋ ಇಲ್ವೋ ನನಗೇನು ಗೊತ್ತು. ಮದುವೆ ಮನೇಲಿ ವಾಲಗ ಶುರುವಾದ್ರೆ ಎದ್ದು ಹೊರಗೆ ಹೋಗಿ ನಿಂತ್ಕೊಳ್ಳೋರು."

"ಊಟ?"

"ಎಲೆ ಹೊರಗೇ ಹಾಕಿಸ್ತಿದ್ದೆ."